ಐದು ದಿನ, ಹದಿಮೂರು ಗಂಟೆ

ನನ್ನ ತಮ್ಮನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಎಂಟಣ್ಣ ಅಂತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಎಂಟರಿಂದ ಭಾಗಿಸುವುದು ಅವನ ಕೆಲಸ, ಅದಕ್ಕೇ ಆ ಹೆಸರು. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾನೆ. ನಗಬೇಡಿ. ನಗೋದೆಲ್ಲ ನಾನು ಮೊದಲೇ ನಕ್ಕಾಗಿದೆ. ಎಂಟರ ಮಗ್ಗಿ ಹೇಳಿದರೆ ಸಂಬಳ ಕೊಡ್ತಾರೇನೋ, ಹಾಗಿದ್ರೆ ನಿನ್ನ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿಸು ಅಂತ ವರ್ಷಗಟ್ಟಲೆ ಅವನ ತಲೆ ತಿಂದಿದ್ದೇನೆ. ಆಗ ನನಗೆ ದನಿ ಇತ್ತು.

ಈಗ ಇಲ್ಲ. ಗಂಟಲಲ್ಲಿ ಗಂಟು ಬಂತು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನ ಮುಂಭಾಗದಲ್ಲಿ ಒಂದು ತೂತು, ಉಸಿರಾಟವೆಲ್ಲ ಅದರಲ್ಲೇ. ಬದುಕಿದೆಯಲ್ಲ, ಅದೇ ಪುಣ್ಯ ಅಂತ ಬಂದವರೆಲ್ಲ ಹೇಳಿ ಹೋದರು. ಹೇಳೋರಿಗೇನು, ಅವರಿಗೆ ಹೇಳೋಕೆ ಬಾಯಿದೆ. ನಾನು ಅಪ್ಪನ ಹೊಲಿಗೆ ಅಂಗಡಿ ನಡೆಸುವವಳು. ಗಿರಾಕಿಗಳ ಜೊತೆ ಸ್ಲೇಟಿನಲ್ಲಿ ಬರೆದು ಜಗಳವಾಡುತ್ತೇನೆ. ಇದನ್ನು ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅಕ್ಕ, ನೀನು ಬರೆದರೂ ಗಂಟಲು ಕಿತ್ತುಕೊಂಡು ಕೂಗಿದ ಹಾಗೇ ಕೇಳಿಸುತ್ತೆ ಅಂತಾನೆ ತಮ್ಮ.

ಅಂಗಡಿಯ ಮೇಲೆ ಎರಡು ಕೋಣೆ. ಅಲ್ಲಿ ನಾವು ಮೂರು ಜನ. ನಾನು ಮದುವೆಯಾದ ಮೂರೇ ವರ್ಷಕ್ಕೆ ಪೆಟ್ಟಿಗೆ ಹಿಡಿದು ವಾಪಸ್ ಬಂದವಳು, ತಮ್ಮ ಮದುವೆಯ ಗೊಡವೆಗೇ ಹೋಗದವನು. ಮೂರನೆಯವಳು ಅಮ್ಮ. ಎಂಬತ್ತನಾಲ್ಕು ವರ್ಷ. ಎರಡು ಕಣ್ಣೂ ಹೋಗಿ ಆರು ವರ್ಷವಾಯಿತು. ನೆನಪು ಬಂದುಹೋಗಿ ಮಾಡುತ್ತೆ. ನಲವತ್ತು ವರ್ಷದ ಹಿಂದೆ ಯಾರ ಕೋಟಿಗೆ ಯಾವ ಗುಂಡಿ ಹಾಕಿದ್ದೆವು ಅನ್ನುವುದು ಚೆನ್ನಾಗಿ ಗೊತ್ತು, ಬೆಳಿಗ್ಗೆ ಏನು ತಿಂದೆ ಅನ್ನುವುದು ಗೊತ್ತಿಲ್ಲ.

ನನಗೆ ಆಪರೇಷನ್ ಆಗಿದೆ, ಇನ್ನು ಮಾತು ಬರಲ್ಲ ಅಂತ ತಮ್ಮ ಅಮ್ಮನಿಗೆ ಬಿಡಿಸಿ ಹೇಳಿದ. ಅಮ್ಮ ನನ್ನ ಕತ್ತು ತಡವಿ ನೋಡಿ ಅತ್ತಳು. ಮಾರನೇ ದಿನ ಅದೆಲ್ಲ ಮರೆತಿತ್ತು. ನಾನು ಮಾತಾಡುತ್ತಿಲ್ಲ ಅನ್ನುವುದೊಂದೇ ನೆನಪಿನಲ್ಲಿ ನಿಂತಿತ್ತು. ಮತ್ತೆ ಹೇಳಿದ, ಮತ್ತೆ ಅತ್ತಳು, ಮತ್ತೆ ಮರೆತಳು. ನಾಲ್ಕನೇ ಸಲಕ್ಕೆ ನಾನೇ ಅವನ ಕೈ ಹಿಡಿದು ಬೇಡ ಅಂತ ತಲೆಯಾಡಿಸಿದೆ. ಎಷ್ಟು ಸಲ ಅಂತ ಅಳಿಸೋದು ಆ ಮುದುಕಿಯನ್ನ? ಕಡೆಗೆ ಅಮ್ಮ ತಾನೇ ಒಂದು ತೀರ್ಮಾನಕ್ಕೆ ಬಂದಳು. ನಾನು ಮುನಿಸಿಕೊಂಡಿದ್ದೇನೆ ಅಂತ.

ಹಾಲಿನ ಲೋಟ ಕೈಗೆ ಕೊಟ್ಟರೆ ನನ್ನ ಬೆರಳು ಹಿಡಿದುಕೊಳ್ಳುತ್ತಾಳೆ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿಗಳು, ಅವಳಿಗೆ ಚೆನ್ನಾಗಿ ಪರಿಚಯ. "ನೀನೇ ಅಂತ ಗೊತ್ತು ಕಣೆ. ನಾನೇನು ಅಂದೆ ಅಂತ ಇಷ್ಟು ಮುನಿಸು? ಅಂದಿದ್ರೆ ಹೊಟ್ಟೇಲಿ ಹಾಕ್ಕೊಳೇ. ಒಂದು ಮಾತಾಡು." ಏನು ಮಾಡಲಿ ಹೇಳಿ? ಬರೆದು ತೋರಿಸೋಣ ಅಂದರೆ ಕಣ್ಣಿಲ್ಲ. ಜೀವಮಾನವಿಡೀ ವಟವಟ ಅಂದವಳು, ತಾಯಿಯ ಒಂದು ಪ್ರಶ್ನೆಗೆ ಪಿಟಕ್ಕನ್ನದೆ ಗೋಡೆಯ ಹಾಗೆ ನಿಂತಿರುತ್ತೇನೆ.

ಆಸ್ಪತ್ರೆಯವರು ಒಂದು ಮಾತಾಡುವ ಯಂತ್ರ ಕೊಟ್ಟಿದ್ದರು. ಅಂಗೈ ಅಗಲದ್ದು. ಬರೆದದ್ದನ್ನು ಓದಿ ಹೇಳುತ್ತೆ, ಆದರೆ ಯಾವುದೋ ಹೆಂಗಸಿನ ದನಿಯಲ್ಲಿ. ಅದರಲ್ಲಿ ಅಮ್ಮನನ್ನು ಮಾತಾಡಿಸಿದೆ. ಅಮ್ಮ ಸೆರಗು ಸರಿಮಾಡಿಕೊಂಡು, "ಯಾರಮ್ಮ, ಬ್ಯಾಂಕಿನಿಂದ ಬಂದಿದೀರಾ? ನನ್ನ ಮಗಳು ಕೆಳಗಿದಾಳೆ, ಅವಳನ್ನೇ ಕೇಳಿ" ಅಂದಳು. ಯಂತ್ರವನ್ನು ಬೀರುವಿನ ಮೇಲೆ ಎಸೆದೆ.

ಆದರೂ ಒಂದು ಆಸೆ ಇತ್ತು. ಆಪರೇಷನ್‌ಗೆ ಮುಂಚೆ ಅದೇ ಆಸ್ಪತ್ರೆಯ ಧ್ವನಿ ಕೋಣೆಯಲ್ಲಿ ಹತ್ತು ದಿನ, ದಿನಕ್ಕೊಂದು ಗಂಟೆ, ನನ್ನ ದನಿಯನ್ನೂ ಮಾತಾಡುವಾಗಿನ ಮುಖವನ್ನೂ ತುಂಬಿಸಿಕೊಂಡಿದ್ದರು. ಎಂಥೆಂಥ ವಾಕ್ಯ ಓದಿಸಿದರು ಅಂತೀರಿ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇದೆ. ನಾಯಿಗೆ ನೀಲಿ ಬಣ್ಣ ಇಷ್ಟ. ನಾಯಿಗೆ ಇಷ್ಟ ಅಂತ ನಿಮಗೆ ಯಾರು ಹೇಳಿದ್ದು ಅಂತ ಕೇಳಿದ್ದಕ್ಕೆ ಅಲ್ಲಿಯ ಟೆಕ್ನಿಷಿಯನ್ ಬಿದ್ದು ಬಿದ್ದು ನಕ್ಕಳು. ಕಡೆಯ ದಿನ, ನಿಮಗಿಷ್ಟ ಬಂದಿದ್ದು ಏನಾದರೂ ಹೇಳಿ ಅಂದಳು. ಆ ಕ್ಷಣಕ್ಕೆ ಏನೂ ತೋಚಲಿಲ್ಲ. ದಿನಾ ಬೆಳಿಗ್ಗೆ ಹೇಳುವುದನ್ನೇ ಹೇಳಿದೆ. "ಅಮ್ಮಾ, ಎದ್ಯಾ? ಹಾಲು ತಂದಿದೀನಿ, ಏಳು."

ಆ ಹತ್ತು ಗಂಟೆಯಿಂದ ನನ್ನದೇ ದನಿಯ ಯಂತ್ರ ಮಾಡಿಕೊಡುವವರಿದ್ದರು. ಸಾಲು ಉದ್ದವಿತ್ತು, ನನ್ನ ಸರದಿ ಅದರ ಮುಂದಿನ ವರ್ಷ. ಒಂದು ನಕಲು ತಂದಿಟ್ಟುಕೊಳ್ಳಬಹುದಿತ್ತಲ್ಲ ಅನ್ನುತ್ತೀರಿ. ಯಾರ ಯಾರದೋ ಕೈಗೆ ಸಿಕ್ಕಿ ದುರುಪಯೋಗ ಆಗುತ್ತೆ ಅಂತ ಹೊರಗೆ ಕೊಡುವ ಹಾಗಿರಲಿಲ್ಲ. ಅರ್ಜಿ ಹಾಕಿ ಕಾಡಿ ಬೇಡಿದ್ದರೆ ಕೊಡುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ನನ್ನ ತಮ್ಮ ಅದೇ ಕಟ್ಟಡದಲ್ಲಿ ದನಿಗಳನ್ನು ತುಂಬಿಟ್ಟ ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟು ಕೂತಿರುವಾಗ ನಕಲು ಯಾಕೆ ಅಂದುಕೊಂಡೆ.

ಈಗ ಅವನ ಕೆಲಸ ಹೇಳುತ್ತೇನೆ. ದನಿ ಇದ್ದಾಗ ಒಂದು ಸಲ ನಾನೇ ಕೇಳಿದ್ದೆ, ದಿನವಿಡೀ ಏನೋ ಅದು ಭಾಗಿಸೋದು ಅಂತ. ಅವನು ಅಮ್ಮನ ಮಾತ್ರೆ ಡಬ್ಬಿ ತಂದು ಮೇಜಿನ ಮೇಲಿಟ್ಟ. ಎಂಟು ಮಾತ್ರೆಯ ಒಂದು ಪಟ್ಟಿ ತೆಗೆದ.

"ನೋಡಕ್ಕ, ಟೆಲಿಫೋನ್ ಲೈನಿನೋರು ಬಿಡಿ ಮಾತ್ರೆ ಎಣಿಸ್ತಾರೆ. ಅದಕ್ಕೆ ಬಿಟ್ ಅಂತಾರೆ. ಪೆಟ್ಟಿಗೇಲಿ ತುಂಬಿಡೋರು ಪಟ್ಟಿ ಎಣಿಸ್ತಾರೆ. ಅದು ಬೈಟ್. ಸೆಕೆಂಡಿಗೆ ಇಷ್ಟು ಮಾತ್ರೆ ಕಳಿಸ್ತೀವಿ ಅಂತ ಲೈನಿನೋರು ಹೇಳಿದ್ರೆ, ಹಾಗಾದ್ರೆ ಇಷ್ಟು ಪಟ್ಟಿ ಬರತ್ತೆ, ಎಲ್ಲಾ ಬಂದು ಸೇರೋಕೆ ಇಷ್ಟು ಹೊತ್ತು ಬೇಕು ಅಂತ ಪೆಟ್ಟಿಗೆಯೋರಿಗೆ ನಾನು ಹೇಳ್ಬೇಕು."

"ಇಷ್ಟೇನಾ?"

"ಇಷ್ಟೇ. ಎಲ್ಲರೂ ಎಡವೋದೂ ಇಷ್ಟರಲ್ಲೇ."

ಅವನಿಗೆ ಇದು ಹುಟ್ಟುಗುಣ. ಬಟ್ಟೆ ಅಂಗಡಿಯವರು ಮೀಟರಿನಲ್ಲಿ ಅಳೆದು ಕೊಡುತ್ತಿದ್ದರು, ಅಪ್ಪ ಮೈ ಅಳತೆ ಇಂಚಿನಲ್ಲಿ ತೆಗೆಯುತ್ತಿದ್ದರು, ಮಧ್ಯದ ಲೆಕ್ಕವನ್ನೆಲ್ಲ ತಮ್ಮ ಬಾಯಲ್ಲೇ ಹೇಳುತ್ತಿದ್ದ. ಒಂದೇ ಒಂದು ಸಲ ಎಡವಟ್ಟಾಗಿದ್ದು ನನ್ನಿಂದ. ಅಪ್ಪನಿಗೆ ಸಹಾಯವಾಗಲಿ ಅಂತ ಅಳತೆ ಬರೆಯುವಾಗಲೇ ಹೊಲಿಗೆಗೆ ಬಿಡುವ ಬಟ್ಟೆಯನ್ನೂ ಸೇರಿಸಿ ಬರೆದೆ. ಕತ್ತರಿಸುವಾಗ ಅಪ್ಪ ರೂಢಿಯಂತೆ ತಾವೂ ಬಿಟ್ಟರು. ಆ ಅಂಗಿಯೊಳಗೆ ಗಿರಾಕಿಯ ಜೊತೆ ಇನ್ನೊಬ್ಬರು ಬಾಡಿಗೆಗೆ ಇರಬಹುದಿತ್ತು. ಅಪ್ಪ ನಕ್ಕು ಎರಡೂ ಪಕ್ಕ ಹಿಡಿದು ಹೊಲಿದುಕೊಟ್ಟರು. "ಅಳತೆ ಬರೆಯೋಳು ಅಳತೆ ಮಾತ್ರ ಬರಿ. ಬಿಡೋದು ನನ್ನ ಕೆಲಸ" ಅಂದರು. ಅಂಗಿ ದೊಡ್ಡದಾದರೆ ಏನು, ಹಿಡಿಯಬಹುದು.

ಆಸ್ಪತ್ರೆಯಲ್ಲಿ ಲೈನಿನ ವಿಭಾಗ ನಾಲ್ಕನೇ ಮಹಡಿ. ಅಲ್ಲಿ ಒಬ್ಬರು ಮೇಡಂ, ತಮ್ಮನಿಗಿಂತ ಎರಡು ವರ್ಷ ದೊಡ್ಡವರು, ದಪ್ಪ ಕನ್ನಡಕ, ಮೆಲುಮಾತು. ದಾಖಲೆಯ ಪೆಟ್ಟಿಗೆಗಳಿರುವುದು ನೆಲಮಾಳಿಗೆಯಲ್ಲಿ. ತಮ್ಮನ ಮೇಜು ಮಧ್ಯದ ಮಹಡಿಯಲ್ಲಿ, ಮೆಟ್ಟಿಲ ಪಕ್ಕ. ಹನ್ನೊಂದು ವರ್ಷದಿಂದ ದಿನಾ ಹನ್ನೊಂದು ಗಂಟೆಗೆ ಆ ಮೇಡಂ ಕೆಳಗಿಳಿದು ಬಂದು ಒಂದು ಹಳದಿ ಚೀಟಿ ಕೊಡುತ್ತಿದ್ದರು. ಚೀಟಿಯಲ್ಲಿ ಒಂದು ಸಂಖ್ಯೆ. ಇವನು ಎಂಟರಿಂದ ಭಾಗಿಸಿ ಕೆಳಗೆ ಕಳಿಸುತ್ತಿದ್ದ. ಸಂಖ್ಯೆಯ ಮುಂದೆ ಬಿಟ್ಟೋ ಬೈಟೋ ಅಂತ ಅವರು ಒಂದು ದಿನವೂ ಬರೆದಿರಲಿಲ್ಲ, ಇವನು ಒಂದು ದಿನವೂ ಕೇಳಿರಲಿಲ್ಲ. ಗಂಡ ಹೆಂಡತಿ ಉಪ್ಪು ಎಲ್ಲಿದೆ ಅಂತ ಕೇಳುತ್ತಾರೆಯೇ? ಹಾಗೆ.

ಹೋದ ವರ್ಷ ನೆಲಮಾಳಿಗೆ ಖಾಲಿ ಮಾಡಬೇಕು ಅಂತ ಆರ್ಡರ್ ಬಂತು. ಬಾಡಿಗೆ ಪೆಟ್ಟಿಗೆಗಳು ವಾಪಸ್ ಹೋಗಬೇಕು, ಒಳಗಿದ್ದದ್ದೆಲ್ಲ ಲೈನಿನ ಮೂಲಕ ದೂರದ ದೊಡ್ಡ ಉಗ್ರಾಣಕ್ಕೆ. ಬೇರೆ ವಿಭಾಗದವೆಲ್ಲ ಹೋಗಿ ಮುಗಿದು, ಕಡೆಗೆ ಉಳಿದದ್ದು ಧ್ವನಿ ಕೋಣೆಯ ಎಂಟುನೂರು ಜನ. ಎಂಟುನೂರು ದನಿ, ಎಂಟುನೂರು ಮುಖ. ಹಳೆಯ ಲೈನು ತೆಗೆದಾಗಿತ್ತು, ಇದಕ್ಕೋಸ್ಕರ ಹೊಸದೊಂದನ್ನು ಏಳು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದಿದ್ದರು. ಶುಕ್ರವಾರ ಬೆಳಿಗ್ಗೆ ಶುರು, ಮುಂದಿನ ಗುರುವಾರ ಸಂಜೆಗೆ ಬಂದ್.

ಅಷ್ಟರಲ್ಲಿ ಎಲ್ಲರದೂ ಹೋಗುತ್ತಾ? ಹೋಗದಿದ್ದರೆ ಎಷ್ಟು ಜನರದು ಹೋಗುತ್ತೆ? ಆ ಲೆಕ್ಕ ಮಂಗಳವಾರದೊಳಗೆ ಬೇಕಾಗಿತ್ತು. ಯಾಕೆಂದರೆ ರೋಗಿಗಳ ಮುಖ, ದನಿ ತುಂಬಿದ ಡಿಸ್ಕುಗಳು ಬೇರೆಯವರ ಕೈಗೆ ಹೋಗಬಾರದು. ಕಳಿಸಲು ಆಗದ್ದನ್ನು ಪುಡಿ ಮಾಡಿಯೇ ಬಿಡಬೇಕು. ಪುಡಿ ಮಾಡುವ ಗಾಡಿ ಬರುವುದು ತಿಂಗಳ ಮೊದಲ ಬುಧವಾರ ಮಾತ್ರ. ಅದು ಲೈನು ಶುರುವಾಗುವ ಎರಡು ದಿನ ಮೊದಲೇ ಬಿತ್ತು, ಮುಂದಿನ ತಿಂಗಳವರೆಗೆ ನೆಲಮಾಳಿಗೆ ಇಟ್ಟುಕೊಳ್ಳುವ ಹಾಗಿರಲಿಲ್ಲ.

ಆ ವಾರದ ಸೋಮವಾರ ನನ್ನ ಕತ್ತಿನ ತೂತಿನಲ್ಲಿಟ್ಟ ಉಸಿರಿನ ನಳಿಗೆ ಕಟ್ಟಿಕೊಂಡಿತು. ಉಸಿರು ಸಿಕ್ಕಿಹಾಕಿಕೊಂಡು ಒದ್ದಾಡಿಬಿಟ್ಟೆ. ತಮ್ಮ ನನ್ನನ್ನು ಎತ್ತಿಕೊಂಡ ಹಾಗೇ ಕರೆದುಕೊಂಡು ಹೋಗಿ, ಡಾಕ್ಟರ ಹತ್ತಿರ ತೋರಿಸಿ, ಮನೆಗೆ ತಂದು ಮಲಗಿಸಿ, ಮಧ್ಯಾಹ್ನದ ಹೊತ್ತಿಗೆ ಕೆಲಸಕ್ಕೆ ಹೋದ. ಅಷ್ಟರಲ್ಲಿ ಹನ್ನೊಂದು ಗಂಟೆ ಕಳೆದಿತ್ತು. ಚೀಟಿ ಅವನ ಪೆನ್ ಸ್ಟ್ಯಾಂಡಿನ ಕೆಳಗಿತ್ತು. ಇಪ್ಪತ್ತೈದು.

ಬಾಡಿಗೆ ಲೈನು, ಬಡಕಲು ಲೈನು, ಇಷ್ಟೇ ಇರಬೇಕು ಅಂದುಕೊಂಡ. ಎಂಟರಿಂದ ಭಾಗಿಸಿದ. ಮೂರು ಚಿಲ್ಲರೆ ಬಂತು. ಆ ವೇಗಕ್ಕೆ ದಿನಕ್ಕೆ ಹದಿನೆಂಟು ಜನರ ದನಿ ಹೋಗುತ್ತೆ. ಆರು ದಿನ ಚಿಲ್ಲರೆಯಲ್ಲಿ, ಸ್ವಲ್ಪ ಹೊತ್ತು ಮಿಗಿಸಿಕೊಂಡು, ನೂರು ಜನ. ನೂರು ಜನಕ್ಕೆ ಐದು ದಿನ ಹದಿಮೂರು ಗಂಟೆ ಅಂತ ಬರೆದ. ಎಂಟುನೂರರಲ್ಲಿ ನೂರೇ. ಅವನಿಗೇ ನಂಬಿಕೆ ಬರದೆ ಭಾಗಾಕಾರವನ್ನು ಮೂರು ಸಲ ತಿರುಗಿ ನೋಡಿದ. ಭಾಗಾಕಾರ ಸರಿಯಾಗೇ ಇತ್ತು. ಇಪ್ಪತ್ತೈದು ಯಾವುದರದ್ದು ಅಂತ ಮಾತ್ರ ನೋಡಲಿಲ್ಲ. ಎರಡು ಮಹಡಿ ಹತ್ತಿ ಹೋಗಿ ಒಂದು ಮಾತು ಕೇಳಿದ್ದರೆ ಕಾಲು ಸವೆಯುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷ ಕೇಳದವನು ಅವತ್ತು ಯಾಕೆ ಕೇಳುತ್ತಾನೆ?

ಧ್ವನಿ ಕೋಣೆಯ ದೊಡ್ಡ ಡಾಕ್ಟರು ತಲೆ ಮೇಲೆ ಕೈ ಹೊತ್ತುಕೊಂಡರು. ಇನ್ನೊಂದು ವಾರ ಲೈನು ಕೇಳಿ ನೋಡಿದರು, ಸಿಗಲಿಲ್ಲ. ಕಡೆಗೆ, ಈ ವರ್ಷ ಯಂತ್ರ ಸಿಗಬೇಕಾದವರು ಮೊದಲು ಅಂತ ನಿಯಮ ಮಾಡಿದರು. ಹಾಗೆ ತೊಂಬತ್ತೇಳು ಜನ ಆದರು. ಉಳಿದದ್ದು ಮೂರು ಜಾಗ. ಮುಂದಿನ ವರ್ಷದ ಸಾಲಿನಲ್ಲಿ ನಲವತ್ತು ಜನ, ಎಲ್ಲರದೂ ಒಂದೇ ಥರ. "ಆ ಮೂರು ನೀವೇ ನೋಡಿ ಹಾಕಿಬಿಡಿ" ಅಂತ ತಮ್ಮನಿಗೆ ಹೇಳಿ ಡಾಕ್ಟರು ಆಪರೇಷನ್‌ಗೆ ಎದ್ದು ಹೋದರು. ಆ ನಲವತ್ತರಲ್ಲಿ ನಾನೂ ಇದ್ದೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೆ ಮರುಮಾತಿಲ್ಲದೆ ಅಕ್ಕನನ್ನು ಮೊದಲು ಹಾಕಿ, ಆಮೇಲೆ ಉಳಿದವರ ಮುಖ ನೋಡುತ್ತಿದ್ದೆ. ನನ್ನ ತಮ್ಮ ಹಾಗಲ್ಲ. ಸಂಜೆ ಮನೆಗೆ ಬಂದು, ಬೂಟು ಕೂಡ ಬಿಚ್ಚದೆ, ನಲವತ್ತು ಜನರ ಹಾಳೆಯನ್ನು ಇಸ್ತ್ರಿ ಮೇಜಿನ ಮೇಲೆ ಹರಡಿದ. ಹೆಸರಿಲ್ಲ, ಬರೀ ನಂಬರು, ವಯಸ್ಸು, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಒಂದು ಸಾಲು.

"ಅಕ್ಕ, ನಿನ್ನದು ಹಾಕ್ತೀನಿ. ಆದ್ರೆ ನಿನ್ನ ಕೇಳದೆ ಹಾಕೋಕೆ ಮನಸ್ಸಾಗ್ತಿಲ್ಲ" ಅಂದ.

ನಾನು ಹಾಳೆ ಓದಿದೆ. ಒಬ್ಬಳಿಗೆ ಎಂಟು ತಿಂಗಳ ಕೂಸು. ಇನ್ನೊಬ್ಬನಿಗೆ ಎರಡು ಸಣ್ಣ ಮಕ್ಕಳು. ಮತ್ತೊಬ್ಬಳ ಮಗಳಿಗೆ ಕಣ್ಣು ಕಾಣಿಸಲ್ಲ, ಆರು ವರ್ಷ. ಅದನ್ನು ಓದಿದ ಮೇಲೆ ಇನ್ನೇನು ಓದಲಿ. ಸ್ಲೇಟು ತೆಗೆದುಕೊಂಡು ಬರೆದೆ. "ಈ ಮೂವರನ್ನ ಹಾಕು. ಅಮ್ಮ ನನ್ನ ದನಿ ಐವತ್ತೆಂಟು ವರ್ಷ ಕೇಳಿದಾಳೆ. ಈ ಮಕ್ಕಳು ಅಪ್ಪ ಅಮ್ಮನ ದನಿ ಎಷ್ಟು ಕೇಳಿರ್ತಾವೆ?"

ಸತ್ಯ ಹೇಳಿಬಿಡುತ್ತೇನೆ, ಇಲ್ಲಿ ಮುಚ್ಚಿಟ್ಟು ಏನು ಸಾಧಿಸಲಿ. ಬರೆದು ಸ್ಲೇಟು ತೋರಿಸುವಾಗ, ಬೇಡ ಅಕ್ಕ ಅಂತ ಇವನು ಅದನ್ನು ಒರೆಸಲಿ ಅಂತ ಕಾದೆ. ಒಂದೇ ಒಂದು ಸಲ ಹಟ ಮಾಡಲಿ, ಬೈದುಕೊಂಡೇ ಒಪ್ಪುತ್ತೇನೆ ಅಂತ ಕಾದೆ. ಅವನು ಸ್ಲೇಟನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಮೂರು ನಂಬರುಗಳಿಗೆ ಗುರುತು ಹಾಕಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಅಕ್ಕ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ. ಆ ಅಭ್ಯಾಸ ಮಾಡಿಸಿದವಳೂ ನಾನೇ.

ಬುಧವಾರ ಗಾಡಿ ಬಂತು. ನೂರು ಜನರದನ್ನು ಎರಡು ಡಿಸ್ಕಿಗೆ ಸೇರಿಸಿ ಉಳಿದ ಡಿಸ್ಕುಗಳನ್ನು ಎಣಿಸಿ ಕೊಡುವುದು ತಮ್ಮನ ಪಾಲಿಗೇ ಬಂತು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಒಂದೊಂದೇ ಡಿಸ್ಕನ್ನು ಮೇಲಿನ ಬಾಯಿಗೆ ಹಾಕುತ್ತಿದ್ದರಂತೆ, ಕೆಳಗೆ ಚೀಲದಲ್ಲಿ ಲೋಹದ ಚೂರು ಬೀಳುತ್ತಿತ್ತಂತೆ. ನನ್ನದು ಯಾವುದರಲ್ಲಿತ್ತು ಗೊತ್ತಾ ಅಂತ ಆಮೇಲೆ ಸ್ಲೇಟಿನಲ್ಲಿ ಕೇಳಿದೆ. "ಒಂಬತ್ತನೇದು" ಅಂದ. ಕೇಳಬಾರದಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಕಳಿಸುವುದು ಶುರುವಾಯಿತು. ಶುರು ಮಾಡಿಕೊಟ್ಟು ತಮ್ಮ ಬೇರೆ ಕೆಲಸಕ್ಕೆ ಕೂತ. ಇನ್ನು ಐದು ದಿನ ಅದರ ಕಡೆ ತಿರುಗಿ ನೋಡುವ ಅಗತ್ಯವಿಲ್ಲ ಅಂತ ಅವನ ಲೆಕ್ಕ. ಆ ಸಂಜೆ ಅಮ್ಮನಿಗೆ ತಲೆ ಬಾಚಿ, ನಾಲ್ಕು ದಿನದ ಮೇಲೆ ಮೊದಲ ಸಲ ಸರಿಯಾಗಿ ಊಟ ಮಾಡಿ ಮಲಗಿದ.

ಶನಿವಾರ ಒಂಬತ್ತಕ್ಕೆ ಹೋಗಿ ನೋಡಿದರೆ ಪರದೆಯ ಮೇಲೆ 'ಮುಗಿದಿದೆ' ಅಂತಿತ್ತು. ತೆಗೆದುಕೊಂಡ ಹೊತ್ತು ಹದಿನಾರು ಗಂಟೆ ನಲವತ್ತು ನಿಮಿಷ. ಏನೋ ಕೆಟ್ಟಿದೆ, ಅರ್ಧಂಬರ್ಧ ಹೋಗಿದೆ ಅಂದುಕೊಂಡ. ಆ ಕಡೆಯ ಉಗ್ರಾಣಕ್ಕೆ ಫೋನು ಮಾಡಿದ. ನೂರೂ ಬಂದಿವೆ ಅಂದರು. ಒಂದೊಂದನ್ನೂ ಪರೀಕ್ಷೆ ಮಾಡಿಸಿದ. ನೂರೂ ಸರಿಯಾಗಿದ್ದವು. ಆಮೇಲೆ ಅವನು ಸುಮ್ಮನೆ ಎದ್ದು ನಾಲ್ಕನೇ ಮಹಡಿಗೆ ಹೋದ. ಹನ್ನೊಂದು ವರ್ಷದಲ್ಲಿ ಅವನೇ ಮೇಲೆ ಹತ್ತಿ ಹೋಗಿದ್ದು ಅದೇ ಮೊದಲು.

"ಮೇಡಂ, ಸೋಮವಾರದ ಚೀಟಿ. ಇಪ್ಪತ್ತೈದು" ಅಂದ.

"ಹೌದಲ್ವಾ" ಅಂದರು ಮೇಡಂ. "ಪಾಪ, ನೀವು ಅಕ್ಕನಿಗೆ ಹುಷಾರಿಲ್ಲ ಅಂತ ಓಡಾಡ್ತಿದ್ರಿ. ನಾನು ಬಂದಾಗ ಕುರ್ಚಿ ಖಾಲಿ ಇತ್ತು. ಬಂದ ತಕ್ಷಣ ಮತ್ತೆ ಲೆಕ್ಕಕ್ಕೆ ಕೂರೋದು ಬೇಡ, ಭಾಗಾಕಾರ ನಾನೇ ಮಾಡಿಟ್ಬಿಡೋಣ ಅಂತ ಮಾಡಿಟ್ಟೆ. ಲೈನು ಇನ್ನೂರರದ್ದು. ಎಂಟರಿಂದ ಭಾಗಿಸಿದ್ರೆ ಇಪ್ಪತ್ತೈದು."

ಮೇಡಂ ಅವನ ಮುಖ ನೋಡಿದರು. ನೋಡ್ತಾ ನೋಡ್ತಾ ಅವರ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತಂತೆ.

"ನೀವು ಮತ್ತೆ ಭಾಗಿಸಿದ್ರಾ?"

ಅಲ್ಲೇ ಕೂತು ಅವರಿಬ್ಬರೂ ಲೆಕ್ಕ ಮಾಡಿದರು, ಮಾಡದೇ ಇರಲು ಅವರಿಂದ ಆಗಲಿಲ್ಲ. ದಿನಕ್ಕೆ ಹದಿನೆಂಟಲ್ಲ, ನೂರ ನಲವತ್ತನಾಲ್ಕು ಜನ. ಎಂಟುನೂರಕ್ಕೂ ಸೇರಿ ಐದು ದಿನ ಹದಿಮೂರು ಗಂಟೆ. ಅವನು ನೂರು ಜನಕ್ಕೆ ಅಂತ ಬರೆದಿದ್ದ ಅದೇ ಹೊತ್ತು. ಎಲ್ಲರೂ ಹೋಗಿ, ಗುರುವಾರ ಸಂಜೆಗೆ ಇನ್ನೂ ಮುಕ್ಕಾಲು ದಿನ ಮಿಗುತ್ತಿತ್ತು. ಯಾರನ್ನೂ ಆರಿಸಬೇಕಿರಲಿಲ್ಲ. ನನ್ನನ್ನು ಕೇಳಬೇಕಿರಲಿಲ್ಲ. ಗಾಡಿಗೆ ಒಂದು ಡಿಸ್ಕೂ ಹಾಕಬೇಕಿರಲಿಲ್ಲ.

ಸಂಜೆ ಬಂದು ನನಗೆ ಹೇಳಿದ. ನಿಂತುಕೊಂಡೇ ಹೇಳಿದ, ಅಪ್ಪನ ಮುಂದೆ ತಪ್ಪು ಒಪ್ಪಿಕೊಳ್ಳುವಾಗ ನಿಲ್ಲುತ್ತಿದ್ದ ಹಾಗೆ. ಕೇಳುತ್ತಾ ಕೇಳುತ್ತಾ ನನಗೆ ಮೈಯೆಲ್ಲ ಉರಿ ಹತ್ತಿತು. ಬೈಯಬೇಕಾಗಿತ್ತು. ಬಾಯಿಗೆ ಬಂದ ಹಾಗೆ, ಕೆಳಗಿನ ಬೀದಿಗೆಲ್ಲ ಕೇಳುವ ಹಾಗೆ ಬೈಯಬೇಕಾಗಿತ್ತು. ಸ್ಲೇಟು ಎತ್ತಿಕೊಂಡೆ. ಬಳಪ ಹಿಡಿದು ಕೂತೆ. ಬೈಗುಳವನ್ನು ಒಂದೊಂದೇ ಅಕ್ಷರ ತಿದ್ದಿ ಬರೆಯುವ ಹೊತ್ತಿಗೆ ಕೋಪ ಎಲ್ಲಿರುತ್ತೆ, ಬರೀ ಅಳು ಉಳಿಯುತ್ತೆ. ಯಾರನ್ನಂತ ಬೈಯಲಿ? ಕನಿಕರಪಟ್ಟ ಮೇಡಂನ? ಕೆಲಸ ಸರಿಯಾಗಿ ಮಾಡಿದ ಇವನನ್ನ? ಅವತ್ತೇ ಕಟ್ಟಿಕೊಂಡ ನನ್ನ ನಳಿಗೆಯನ್ನ? ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ ಅಂದುಕೊಂಡಿದ್ದೆ. ಆ ಮೂರು ಮನೆಯ ಮಕ್ಕಳಿಗೆ ನನ್ನ ಜಾಗ ಬೇಕಾಗೇ ಇರಲಿಲ್ಲ. ಅಂಗಿ ದೊಡ್ಡದಾಗಿದ್ದರೆ ಹಿಡಿದು ಹೊಲಿಯುತ್ತಿದ್ದೆವು. ಇದನ್ನು ಕತ್ತರಿಸಿ ಆಗಿತ್ತು.

ಭಾನುವಾರ ರಜೆ. ಆದರೂ ತಮ್ಮ ಆಸ್ಪತ್ರೆಗೆ ಹೋದ. ಸೋಮವಾರ, ಮಂಗಳವಾರವೂ ಪರದೆಯ ಮುಂದೆ ಕೂತಿದ್ದ. ಲೈನಿನಲ್ಲಿ ಏನು ಹೋಗುತ್ತಿದೆ ಅಂತ ತೋರಿಸುವ ಗೆರೆಯೊಂದು ಇರುತ್ತಂತೆ. ಆ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಗುರುವಾರ ಸಂಜೆಯವರೆಗೂ ಲೈನು ಅವರದೇ, ಕಳಿಸಲು ಮಾತ್ರ ಏನೂ ಉಳಿದಿರಲಿಲ್ಲ. ಧ್ವನಿ ಕೋಣೆಯ ಯಂತ್ರದಲ್ಲಿ ಏನಾದರೂ ಉಳಿದಿದೆಯೇ ಅಂತ ಹುಡುಕಿಸಿದ. ಮೂರು ತಿಂಗಳಿಗೊಮ್ಮೆ ಅದನ್ನು ಅಳಿಸುತ್ತಾರೆ. ಗುರುವಾರ ಆರು ಗಂಟೆಗೆ ಮೇಡಂ ಕೆಳಗಿಳಿದು ಬಂದು, ಅವನ ಪಕ್ಕದಲ್ಲಿ ನಿಂತು, ಲೈನು ನಿಲ್ಲುವುದನ್ನು ನೋಡಿ ಹೋದರಂತೆ. ಅವರು ಈಗ ಬೇರೆ ವಿಭಾಗ ಕೇಳಿ ಪಡೆದಿದ್ದಾರೆ.

ಶಿಕ್ಷೆ ಏನಾದರೂ ಆಯಿತಾ ಅಂತ ಕೇಳಬೇಡಿ. ಆಗಿದ್ದರೆ ಇವನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ದೊಡ್ಡ ಡಾಕ್ಟರು ಎಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಏನ್ಮಾಡೋಕಾಗತ್ತೆ" ಅಂದರಂತೆ. ಏಳುನೂರು ಮನೆಗೆ ತಾಂತ್ರಿಕ ಕಾರಣಗಳಿಂದ ಅಂತ ಒಂದು ಕಾಗದ ಹೋಯಿತು. ನಮ್ಮ ಮನೆಗೂ ಬಂತು, ಲಕೋಟೆಯ ಮೇಲೆ ವಿಳಾಸ ತಮ್ಮನದೇ ಅಕ್ಷರದಲ್ಲಿ. ಈಗ ಚೀಟಿಯ ಬದಲು ಅಚ್ಚು ಹಾಕಿದ ಫಾರಂ ಬಂದಿದೆ. ಸಂಖ್ಯೆಯ ಪಕ್ಕ 'ಯಾವುದರದ್ದು' ಅಂತ ಒಂದು ಖಾನೆ. ಅದನ್ನು ತುಂಬದೆ ಸಹಿ ಹಾಕುವಂತಿಲ್ಲ.

ಒಂದು ದಿನ ಅವನ ಹಳೇ ಫೋನಿನಲ್ಲಿ ನನ್ನ ದನಿ ಸಿಕ್ಕಿತು. ನಲವತ್ತು ಸೆಕೆಂಡು. ನಾನು ಮೆಸೇಜು ಕಳಿಸುವ ಪೈಕಿಯಲ್ಲ, ಫೋನು ಮಾಡಿ ಕಿವಿ ಹಿಂಡುವ ಪೈಕಿ. ಅವತ್ತು ಇವನು ಎತ್ತಿರಲಿಲ್ಲ ಅಂತ ಮಾತು ತುಂಬಿಸಿ ಕಳಿಸಿದ್ದೆ. ಯಂತ್ರ ಮಾಡಲು ಇದು ಸಾಲದು, ಕಡಿಮೆ ಅಂದರೂ ಒಂದು ಗಂಟೆ ಬೇಕು ಅಂದರು ಧ್ವನಿ ಕೋಣೆಯವರು. ಇರಲಿ, ಅಮ್ಮನಿಗಾದರೂ ಕೇಳಿಸೋಣ ಅಂತ ಫೋನನ್ನು ಅವಳ ಕಿವಿಗೆ ಹಿಡಿದ.

"ಏನೋ ನೀನು, ಹೇಳಿದ ಬಲ್ಬೇ ಒಂದು, ತಂದ ಬಲ್ಬೇ ಇನ್ನೊಂದು. ನಿನಗೆ ಹೇಳೋ ಬದಲು ಗೋಡೆಗೆ ಹೇಳಬಹುದಿತ್ತು. ಇವತ್ತೇ ಹೋಗಿ ಬದಲಾಯಿಸ್ಕೊಂಡು ಬಾ..."

ಅಮ್ಮನ ಮುಖ ಅರಳಿತು. "ಮಾತಾಡಿದ್ಲು ಕಣೋ" ಅಂದಳು. ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಳ್ಳುತ್ತಾ ಮುಖ ಹಾಗೇ ಇಳಿಯಿತು. "ಬೈತಾ ಇದಾಳೆ. ಇನ್ನೂ ಕೋಪ ಹೋಗಿಲ್ಲ."

ಆಮೇಲೆ ಅದನ್ನು ಮತ್ತೆ ಕೇಳಿಸಲಿಲ್ಲ.

ಮೊನ್ನೆ ಬೆಳಿಗ್ಗೆ ಹಾಲು ಕೊಟ್ಟೆ. ಅಮ್ಮ ನನ್ನ ಬೆರಳು ಹಿಡಿದುಕೊಂಡಳು, ಆದರೆ ನನ್ನನ್ನೇನೂ ಕೇಳಲಿಲ್ಲ. ತಮ್ಮ ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಿದ್ದ. ಅವನ ಕಡೆ ತಿರುಗಿ ಅಂದಳು, "ನಿಮ್ಮಕ್ಕನ ಕೋಪ ಇಳಿಯೋಕೆ ಇನ್ನೂ ಎಷ್ಟು ದಿನ ಬೇಕೋ ಮಗಾ? ನೀನು ಲೆಕ್ಕದೋನಲ್ವಾ, ಸರಿಯಾಗಿ ಹೇಳು."

ಅವನು ಬೂಟಿನ ದಾರ ಬಿಗಿದು ಗಂಟು ಹಾಕಿದ. ಜೀವನದಲ್ಲಿ ಒಂದು ಅಳತೆಯನ್ನೂ ಸುಳ್ಳು ಹೇಳದವನು.

"ಐದು ದಿನ ಹದಿಮೂರು ಗಂಟೆ, ಅಮ್ಮ" ಅಂದ.

"ಅಷ್ಟೇನಾ?" ಅಮ್ಮ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಐದು ಎಣಿಸಿದಳು. "ಹಾಗಾದ್ರೆ ಪರವಾಗಿಲ್ಲ ಬಿಡು. ಅಲ್ಲೀವರೆಗೂ ಇರ್ತೀನಿ."

ಮಾರನೇ ದಿನವೂ ಕೇಳಿದಳು. ಅವನು ಅದನ್ನೇ ಹೇಳಿದ.